ಡಿ.ಫಾರ್ಮಾ (ಔಷಧಶಾಸ್ತ್ರದ ಡಿಪ್ಲೊಮಾ) ಓದುತ್ತಿರುವ ನೀವು ಕೇಳಿದ್ದೀರಿ: ಮದ್ದು ಮೈಯಿಂದ ಇಳಿಯುವ ಲೆಕ್ಕ ಕಲಿಯೋಕೆ ನೋಟ್ಸೋ, ಪುಸ್ತಕವೋ, ವಿಡಿಯೋವೋ? ಊರಲ್ಲಿ ಔಷಧಿ ಅಂಗಡಿ ಇಡುವವನಿಗೆ ಹಾಫ್ ಲೈಫ್, ಝೀರೋ ಆರ್ಡರ್ ಎಲ್ಲ ಯಾಕೆ ಬೇಕು? ಬಾಯಿಪಾಠ ಮಾಡಿ ಪಾಸಾದರೆ ಸಾಲದೇ?

ಸಾಲದು. ನಾನು ಹಾಗೆ ಪಾಸಾದವನು, ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಹಾಗೆ ಡಿ.ಫಾರ್ಮಾ ಎರಡನೇ ವರ್ಷದಲ್ಲಿದ್ದಾಗ ಝೀರೋ ಆರ್ಡರಿಗೆ (ಮೈಯಲ್ಲಿ ಮದ್ದು ಎಷ್ಟೇ ಇದ್ದರೂ ದಿನಕ್ಕೆ ಇಷ್ಟೇ ಅಂತ ಮುರಿಯುವುದಕ್ಕೆ) ಉದಾಹರಣೆ ಕೊಡಿ ಅಂತ ಬಂದರೆ ‘ಆಲ್ಕೋಹಾಲ್, ಫೆನಿಟಾಯಿನ್, ಹೆಚ್ಚು ಡೋಸಿನ ಆಸ್ಪಿರಿನ್’ ಅಂತ ಒಂದೇ ಉಸಿರಿಗೆ ಬರೆದು ಅಂಕ ತಗೊಂಡಿದ್ದೆ. ಆ ಮೂರರ ನಡುವಿನದು ನಮ್ಮ ಮನೆಯಲ್ಲೇ, ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿತ್ತು. ಬರೆದ ಉತ್ತರಕ್ಕೂ ಆ ಡಬ್ಬಿಗೂ ಸಂಬಂಧ ಇದೆ ಅಂತ ನನಗೆ ಹೊಳೆಯಲೇ ಇಲ್ಲ.

ನಮ್ಮದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಅಪ್ಪ ಕುಣಿಮಗ್ಗದಲ್ಲಿ ಖಣ ನೇಯುತ್ತಿದ್ದ. ಅವನಿಗೆ ಫಿಟ್ಸ್ ಇತ್ತು. ದಿನಾ ರಾತ್ರಿ ಊಟ ಆದಮೇಲೆ ಫೆನಿಟಾಯಿನ್ 100 ಮಿಲಿಗ್ರಾಂನ ಮೂರು ಗುಳಿಗೆ, ಒಟ್ಟು 300. ಆರು ವರ್ಷ ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ. ನನ್ನ ಪರೀಕ್ಷೆ ಮುಗಿದ ವರ್ಷ ಬನಶಂಕರಿ ಜಾತ್ರೆಗೆ ಬಾದಾಮಿ ಕಡೆ ಹೋದವನು ಎರಡು ರಾತ್ರಿ ಅಲ್ಲೇ ಉಳಿದು ಬೆಳಗಿನ ತನಕ ನಾಟಕ ನೋಡಿದ. ಗುಳಿಗೆ ಒಯ್ದಿರಲಿಲ್ಲ. ಮನೆಗೆ ಬಂದ ದಿನವೇ ಅಂಗಳದಲ್ಲಿ ಫಿಟ್ಸ್ ಬಂತು.

ಎರಡು ದಿನ ಮದ್ದಿಲ್ಲ, ಎರಡು ರಾತ್ರಿ ನಿದ್ದೆಯಿಲ್ಲ. ಫಿಟ್ಸ್ ಮರುಕಳಿಸೋಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಆದರೆ ನಾನು ಅಪ್ಪನನ್ನು ಒಂದು ಮಾತೂ ಕೇಳಲಿಲ್ಲ. ಡೋಸ್ ಸಾಲುತ್ತಿಲ್ಲ ಅಂತ ನಾನೇ ತೀರ್ಮಾನ ಮಾಡಿ, ಅವತ್ತಿನಿಂದ ಮೂರರ ಜಾಗದಲ್ಲಿ ನಾಲ್ಕು ಗುಳಿಗೆ ಕೊಡೋಕೆ ಶುರು ಮಾಡಿದೆ. 300 ಇದ್ದದ್ದು 400 ಆಯಿತು.

ನನ್ನ ತಲೆಯೊಳಗೆ ಆಗ ಓಡಿದ ಲೆಕ್ಕವನ್ನ ಬಿಡಿಸಿ ಹೇಳಲೇಬೇಕು, ಯಾಕಂದರೆ ನಿಮ್ಮ ತಲೆಯಲ್ಲೂ ಈಗ ಅದೇ ಇದೆ. ಡೋಸ್ ಮೂರನೇ ಒಂದು ಪಾಲು ಹೆಚ್ಚಿತು, ಹಾಗಾದರೆ ರಕ್ತದಲ್ಲಿ ಮದ್ದಿನ ಮಟ್ಟವೂ ಮೂರನೇ ಒಂದು ಪಾಲೇ ಹೆಚ್ಚೀತು ಅಂದುಕೊಂಡೆ. ಎರಡನೆಯದು ಹಾಫ್ ಲೈಫ್. ರಕ್ತದಲ್ಲಿರುವ ಮದ್ದು ಅರ್ಧಕ್ಕೆ ಇಳಿಯೋಕೆ ಹಿಡಿಯುವ ಹೊತ್ತು ಅದು. ಅಷ್ಟು ಹೊತ್ತು ಐದು ಸಲ ಕಳೆದರೆ, ಹೊಸ ಡೋಸಿಗೆ ಮಟ್ಟ ಎಲ್ಲಿ ನಿಲ್ಲಬೇಕೋ ಅದರ ಶೇ. 97ರಷ್ಟು ತಲುಪಿರುತ್ತದೆ. ಫೆನಿಟಾಯಿನ್ನಿನ ಹಾಫ್ ಲೈಫ್ ಸರಾಸರಿ 22 ಗಂಟೆ ಅಂತ ಬಾಯಿಪಾಠ ಇತ್ತು. ಐದರಿಂದ ಗುಣಿಸಿದರೆ 110 ಗಂಟೆ, ಐದು ದಿನದೊಳಗೇ. ಐದು ದಿನ ಅಪ್ಪನನ್ನ ನೋಡಿದೆ. ಏನೂ ಆಗಲಿಲ್ಲ. ಇನ್ನು ಆಗುವುದೂ ಇಲ್ಲ ಅಂತ ನಿರುಮ್ಮಳವಾದೆ.

ಈ ಎರಡೂ ಲೆಕ್ಕ ಫಸ್ಟ್ ಆರ್ಡರ್ ಔಷಧಕ್ಕೆ ಸರಿ. ಪ್ಯಾರಾಸಿಟಮಾಲ್ ಮಾಮೂಲಿ ಡೋಸಿನಲ್ಲಿ ಹಾಗೇ ನಡೆಯುತ್ತದೆ, ಅಂಗಡಿಯಲ್ಲಿರುವ ಹೆಚ್ಚಿನ ಗುಳಿಗೆಗಳೂ ಹಾಗೇ. ಫೆನಿಟಾಯಿನ್ ಹಾಗಲ್ಲ. ನೇಕಾರರ ಓಣಿಯಲ್ಲಿ ಬೆಳೆದವನಾಗಿ ಇದು ನನಗೆ ಎಲ್ಲರಿಗಿಂತ ಮೊದಲು ತಿಳಿಯಬೇಕಿತ್ತು. ಯಕೃತ್ತಿನಲ್ಲಿ ಮದ್ದನ್ನ ಮುರಿಯುವ ಕಿಣ್ವಗಳನ್ನ ಮಗ್ಗ ಅಂದುಕೊಳ್ಳಿ, ಮದ್ದನ್ನ ನೂಲು ಅಂದುಕೊಳ್ಳಿ. ಊರಲ್ಲಿ ನೂರು ಮಗ್ಗ ಇದ್ದು ಹತ್ತಕ್ಕಾಗುವಷ್ಟೇ ನೂಲು ಬಂದರೆ, ನಾಳೆ ಇಪ್ಪತ್ತಕ್ಕಾಗುವಷ್ಟು ಬಂದರೂ ಇಪ್ಪತ್ತು ಮಗ್ಗ ನಡೆಯುತ್ತವೆ, ನೂಲು ಉಳಿಯುವುದಿಲ್ಲ. ಅದು ಫಸ್ಟ್ ಆರ್ಡರ್. ಫೆನಿಟಾಯಿನ್ನಿಗೆ ಇರುವ ಮಗ್ಗ ಕಡಿಮೆ. ಸಿವೈಪಿ2ಸಿ9 ಅನ್ನುವ ಕಿಣ್ವದ ಮೇಲೇ ಹೆಚ್ಚಿನ ಭಾರ. ಚಿಕಿತ್ಸೆಗೆ ಬಳಸುವ ಡೋಸಿನಲ್ಲೇ ಬಹುಪಾಲು ಮಗ್ಗಗಳು ನಡೆಯುತ್ತಿರುತ್ತವೆ. ಆಮೇಲೆ ಸಾಹುಕಾರ ತಂದು ಹಾಕುವ ನೂಲಿನ ಬಹುಪಾಲು ಕಟ್ಟೆಯ ಮೇಲೇ ಬೀಳುತ್ತದೆ. ಎಲ್ಲ ಮಗ್ಗವೂ ತುಂಬಿದರೆ ಅದೇ ಝೀರೋ ಆರ್ಡರ್. ಇವತ್ತಿನದರ ಮೇಲೆ ನಾಳಿನದು, ಅದರ ಮೇಲೆ ನಾಡಿದ್ದಿನದು. ಮಟ್ಟ ಏರಿದ ಹಾಗೆ ಹಾಫ್ ಲೈಫ್ ಕೂಡ ಉದ್ದ ಆಗುತ್ತ ಹೋಗುತ್ತದೆ. ನಾನು ನೆಚ್ಚಿಕೊಂಡ 22 ಗಂಟೆ ಅಪ್ಪನ ಮೈಯಲ್ಲಿ ಆಗ ಇರಲೇ ಇಲ್ಲ. ಐದು ದಿನಕ್ಕೆ ಏನೂ ಕಾಣಲಿಲ್ಲ ಅಂದರೆ ನೂಲು ಇನ್ನೂ ಏರುತ್ತಿತ್ತು ಅಂತ ಅರ್ಥ, ನಿಂತಿತ್ತು ಅಂತಲ್ಲ.

ಎರಡನೇ ವಾರ ಅಪ್ಪ ಮಗ್ಗದ ಮುಂದೆ ಕೂತು ಕಣ್ಣು ಉಜ್ಜಿಕೊಂಡ. “ತಮ್ಮಾ, ಲಾಳಿ ಎರಡೆರಡು ಕಾಣಾಕತ್ತಾವೋ” ಅಂದ. ವಯಸ್ಸಾಯಿತು, ಕನ್ನಡಕ ಬೇಕಾಗಿರಬೇಕು ಅಂದೆ. ನಾಲ್ಕು ದಿನ ಬಿಟ್ಟು ಮಾತು ತೊದಲಿತು. ನಡೆಯುವಾಗ ಗೋಡೆ ಹಿಡಿಯತೊಡಗಿದ. ಜನ್ಮದಲ್ಲಿ ಸೆರೆ ಮುಟ್ಟದವನನ್ನು ನೋಡಿ ಓಣಿಯವರು ಕುಡಿದಿದ್ದಾನೆ ಅಂದರು. ಅವ್ವ ಒಳಗೆ ಬಂದು ಅತ್ತಳು. ನಾನು ಪರೀಕ್ಷೆಯಲ್ಲಿ ಆಲ್ಕೋಹಾಲನ್ನೂ ಫೆನಿಟಾಯಿನ್ನನ್ನೂ ಒಂದೇ ಸಾಲಿನಲ್ಲಿ ಬರೆದವನು. ಆಗಲೂ ನನಗೆ ಹೊಳೆಯಲಿಲ್ಲ.

ಮೂರನೇ ವಾರ ಮಗ್ಗದ ಕುಣಿಗೆ ಇಳಿಯುವಾಗ ಕಾಲು ತಪ್ಪಿ ಬಿದ್ದ. ಬಲಗೈ ಮಣಿಕಟ್ಟು ಮುರಿಯಿತು. ಲಾಳಿಯ ಹಗ್ಗ ಎಳೆಯುವ ಕೈ ಅದು.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಅಪ್ಪನ ಕಣ್ಣಿನ ಮುಂದೆ ಬೆರಳು ಆಡಿಸಿದರು. ಕಣ್ಣುಗುಡ್ಡೆ ಪಕ್ಕಕ್ಕೆ ಹೋದಾಗ ಅದುರುತ್ತಿತ್ತು. “ಫೆನಿಟಾಯಿನ್ ಎಷ್ಟು ಕೊಡ್ತೀರಿ?” ಅಂದರು. ಅವ್ವ ಹೇಳಿದಳು: “ನಾಕರಿ. ಮೊದ್ಲ ಮೂರಿತ್ತು, ನನ್ನ ಮಗ ಹೆಚ್ಚ ಮಾಡಿದಾನ್ರಿ. ಔಷಧದ ಸಾಲಿ ಕಲ್ತಾನ.” ಆಕೆ ಅಭಿಮಾನದಿಂದಲೇ ಹೇಳಿದ್ದು.

ರಕ್ತ ಪರೀಕ್ಷೆಯಲ್ಲಿ ಮಟ್ಟ 34 ಬಂತು. ಒಂದು ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಇರಬೇಕು. 20 ದಾಟಿದರೆ ಸಾಮಾನ್ಯವಾಗಿ ಕಣ್ಣು ಅದುರುತ್ತದೆ, 30 ದಾಟಿದರೆ ನಡಿಗೆ ತಪ್ಪುತ್ತದೆ, 40 ದಾಟಿದರೆ ಮಂಪರು. ಅಪ್ಪ ಆ ಮೆಟ್ಟಿಲುಗಳನ್ನ ಒಂದೊಂದಾಗಿ ನನ್ನ ಕಣ್ಣೆದುರಿಗೇ ಹತ್ತಿದ್ದ. ಇದಕ್ಕೆ ಪ್ರತಿಮದ್ದು ಇಲ್ಲ. ದವಾಖಾನೆಯಲ್ಲೇ ಇಟ್ಟುಕೊಂಡು ಗುಳಿಗೆ ತಡೆದು, ಇಳಿಯುವ ತನಕ ಕಾದರು. ದಿನಕ್ಕೆ ಇಷ್ಟೇ ಅಂತ ಇಳಿಯುತ್ತಿತ್ತು, ಮಗ್ಗ ದಿನಕ್ಕೆ ನೇಯುವಷ್ಟೇ. (ಯಾರೂ ಇದನ್ನ ಓದಿ ಮನೆಯಲ್ಲಿ ಗುಳಿಗೆ ನಿಲ್ಲಿಸಬೇಡಿ. ಫಿಟ್ಸಿನ ಮದ್ದು ಒಮ್ಮೆಲೇ ಬಿಟ್ಟರೆ ಫಿಟ್ಸ್ ಒಂದರ ಹಿಂದೊಂದು ಬಂದು ಜೀವಕ್ಕೇ ಕುತ್ತು.) ಕೊನೆಗೆ ಡಾಕ್ಟರು ಹಳೆಯ 300ಕ್ಕೇ ಮರಳಿಸಿದರು. ಆ ಡೋಸಿನಲ್ಲಿ ಏನೂ ತಪ್ಪಿರಲಿಲ್ಲ. ಕೈ ಕೂಡಿತು, ಆದರೆ ಆ ವರ್ಷದ ಮದುವೆ ಹಂಗಾಮಿನಲ್ಲಿ ನಮ್ಮ ಮನೆಯಲ್ಲಿ ಮಗ್ಗದ ಸಪ್ಪಳ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆ. ನೋಟ್ಸೋ, ಪುಸ್ತಕವೋ, ವಿಡಿಯೋವೋ ಅಂತ ಕೇಳಿದ್ದೀರಿ. ಯಾವುದಾದರೂ ಆಗಲಿ. ಆದರೆ ‘ಅಂಗಡಿ ಇಡುವವನಿಗೆ ಇದು ಬೇಡ’ ಅನ್ನುವ ಮಾತನ್ನ ನಾನು ಒಪ್ಪುವುದಿಲ್ಲ. ಡಾಕ್ಟರು ರೋಗಿಯನ್ನ ತಿಂಗಳಿಗೊಮ್ಮೆ ನೋಡುತ್ತಾರೆ, ನೀವು ವಾರಕ್ಕೆ ಎರಡು ಸಲ ನೋಡುತ್ತೀರಿ. “ಗುಣ ಕಾಣವಲ್ದರಿ, ಒಂದು ಗುಳಗಿ ಹೆಚ್ಚ ತಗೊಳ್ಲ್ಯಾ?” ಅಂತ ಕೇಳುವುದು ನಿಮ್ಮನ್ನೇ. ಫೆನಿಟಾಯಿನ್ ತಿನ್ನುವವರು ಟಿಬಿಯ ಐಸೋನಿಯಾಜಿಡ್ ಚೀಟಿಯನ್ನೋ ಫಂಗಸ್ಸಿನ ಮದ್ದು ಫ್ಲುಕೊನಜೋಲ್ ಚೀಟಿಯನ್ನೋ ತಂದರೆ, ಅವೆರಡೂ ಮಗ್ಗ ನಿಲ್ಲಿಸುವಂಥವು ಅಂತ ನೆನಪಾಗಿ ಡಾಕ್ಟರಿಗೆ ಫೋನ್ ಹಚ್ಚಬೇಕಾದವರು ನೀವೇ. ನಾನು ಈಗ ಅಂಗಡಿಯಲ್ಲಿ ಕೂತು ಮೊದಲು ಕೇಳುವುದು “ಮೊನ್ನೆ ಗುಳಿಗಿ ತಪ್ಪಿಸಿದ್ರೇನು, ನಿದ್ದಿ ಆಗೇತೇನು” ಅಂತ. ಡೋಸಿನ ಮಾತು ಡಾಕ್ಟರಿಗೇ ಬಿಡುತ್ತೇನೆ. ಅವರು ಕೂಡ ಈ ಮದ್ದನ್ನ ಸಾಮಾನ್ಯವಾಗಿ 25-50 ಮಿಲಿಗ್ರಾಂನ ಸಣ್ಣ ಹೆಜ್ಜೆಯಲ್ಲಿ, ವಾರಗಟ್ಟಲೆ ಕಾದು ಏರಿಸುತ್ತಾರೆ.

ಇವತ್ತು ರಾತ್ರಿ ಒಂದು ಲೆಕ್ಕ ಕೈಯಾರೆ ಮಾಡಿ. ಒಬ್ಬ ರೋಗಿಯ ಯಕೃತ್ತು ದಿನಕ್ಕೆ ಹೆಚ್ಚೆಂದರೆ 500 ಮಿಲಿಗ್ರಾಂ ಮುರಿಯಬಲ್ಲದು ಅಂತ ಇಟ್ಟುಕೊಳ್ಳಿ, ಅದರರ್ಧ ವೇಗಕ್ಕೆ ಬೇಕಾದ ಮಟ್ಟ 5 ಅಂತಿರಲಿ. ದಿನದ ಡೋಸನ್ನ 5ರಿಂದ ಗುಣಿಸಿ, 500ರಲ್ಲಿ ಡೋಸ್ ಕಳೆದು ಉಳಿದದ್ದರಿಂದ ಭಾಗಿಸಿ. ಆ ಡೋಸಿಗೆ ರಕ್ತದಲ್ಲಿ ಮಟ್ಟ ಕೊನೆಗೆ ಎಲ್ಲಿ ನಿಲ್ಲುತ್ತದೆ ಅಂತ ಸಿಗುತ್ತದೆ. 300ಕ್ಕೆ 7.5 ಬರುತ್ತದೆ, 350ಕ್ಕೆ ಸುಮಾರು 11.7, 400ಕ್ಕೆ 20, 450ಕ್ಕೆ 45. ಆಮೇಲೆ 500 ಹಾಕಿ ನೋಡಿ. ಕೆಳಗೆ ಸೊನ್ನೆ ಬರುತ್ತದೆ, ಉತ್ತರ ಸಿಗುವುದಿಲ್ಲ. ಮಟ್ಟ ಯಾವತ್ತೂ ನಿಲ್ಲದೆ ಏರುತ್ತಲೇ ಹೋಗುತ್ತದೆ ಅಂತ ಅದರ ಅರ್ಥ.