ಕೂರುವ ಕುರ್ಚಿ, ಮಾರುವ ಕುರ್ಚಿ

ಓದುಗರ ಪತ್ರ: ಕಳೆದ ಸಂಚಿಕೆಯ ಮಾರ್ಕ್ಸ್ ಲೇಖನದಲ್ಲಿ ‘ಬಳಕೆ ಮೌಲ್ಯ ಇಲ್ಲದಿದ್ದರೆ ವಿನಿಮಯ ಮೌಲ್ಯವೂ ಇಲ್ಲ’ ಎಂದಿದ್ದೀರಿ. ಮುಂದಿನ ಪುಟದಲ್ಲೇ ‘ಎರಡಕ್ಕೂ ಸಂಬಂಧವಿಲ್ಲ’ ಎಂದಿದ್ದೀರಿ. ಯಾವುದನ್ನು ನಂಬಬೇಕು?

ಸಂಪಾದಕರ ಉತ್ತರ: ಮೊದಲನೆಯದನ್ನು ನಂಬಿ. ಎರಡನೆಯದು ನಮ್ಮ ಎಡವಟ್ಟು. ಬಳಕೆ ಮೌಲ್ಯ ಅಂದರೆ ವಸ್ತುವಿನ ಉಪಯೋಗ, ವಿನಿಮಯ ಮೌಲ್ಯ ಅಂದರೆ ಅದನ್ನು ಕೊಟ್ಟು ಬದಲಿಗೆ ಎಷ್ಟು ಪಡೆಯಬಹುದು ಅನ್ನುವುದು. ‘ಸಂಬಂಧವಿಲ್ಲ’ ಅನ್ನುವ ಜಾಗದಲ್ಲಿ ‘ಬಳಕೆ ಮೌಲ್ಯ ಇಟ್ಟುಕೊಂಡು ವಿನಿಮಯ ಮೌಲ್ಯವನ್ನು ಅಳೆಯಲು ಬರುವುದಿಲ್ಲ’ ಎಂದಿರಬೇಕಿತ್ತು. ಕರಡು ತಿದ್ದಿದವನು ನಾನೇ, ಬೇರೆಯವರ ತಲೆಗೆ ಕಟ್ಟುವಂತಿಲ್ಲ.

ಆದರೆ ನಿಮ್ಮ ಪ್ರಶ್ನೆ ಒಂದು ಸಾಲಿನ ತಿದ್ದುಪಡಿಗೆ ಮುಗಿಯುವಂಥದ್ದಲ್ಲ.

ಒಬ್ಬ ಬಡಗಿ ತಾನು ಕೂರಲು ಒಂದು ಕುರ್ಚಿ ಮಾಡಿಕೊಂಡ ಅನ್ನಿ. ಅದಕ್ಕೆ ಬಳಕೆ ಮೌಲ್ಯ ಇದೆ, ಆದರೆ ಅದು ಸರಕಲ್ಲ. ಅಂಥದ್ದೇ 20 ಕುರ್ಚಿ ಮಾರಲು ಮಾಡಿದ ಅನ್ನಿ. ಮರ ಅದೇ, ಕಾಲು ನಾಲ್ಕೇ. ಆದರೂ ಅವು ಅವನಿಗೆ ಕೂರಲು ಬೇಕಿಲ್ಲ. ಇಪ್ಪತ್ತರಲ್ಲೂ ಒಬ್ಬನೇ ಹೇಗೆ ಕೂರುತ್ತಾನೆ? ಅವುಗಳ ಬಳಕೆ ಮೌಲ್ಯ ಇರುವುದು ಇನ್ನೂ ಬಾರದ ಗಿರಾಕಿಗೆ. ಬಡಗಿಗೆ ಬೇಕಿರುವುದು ವಿನಿಮಯ ಮೌಲ್ಯ. ಅದು ಕೈಗೆ ಬರಬೇಕಾದರೆ ಕುರ್ಚಿ ಕೈಬಿಟ್ಟು ಹೋಗಲೇಬೇಕು. ಗಿರಾಕಿಯೇ ಬರದಿದ್ದರೆ? ಕುರ್ಚಿ ಗಟ್ಟಿಯಾಗೇ ಇರುತ್ತದೆ, ಅದಕ್ಕೆ ಹಾಕಿದ ದುಡಿಮೆ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ‘ಬಳಕೆ ಮೌಲ್ಯ ಇಲ್ಲದಿದ್ದರೆ’ ಅಂದದ್ದು ಈ ಅರ್ಥದಲ್ಲಿ: ಇನ್ನೊಬ್ಬರಿಗೆ ಬೇಕಾಗಬೇಕು.

ಇನ್ನು ಅಳತೆಯ ಮಾತು. ಒಂದು ಕುರ್ಚಿಗೆ ಮೂರು ಛತ್ರಿ ಸಿಗುತ್ತವೆ ಅಂದುಕೊಳ್ಳಿ. ಹಾಗಂತ ಕೂರುವ ಸುಖ, ಮಳೆಯಲ್ಲಿ ನೆನೆಯದಿರುವ ಸುಖದ ಮೂರು ಪಟ್ಟು ಅಂತಲ್ಲ, ಅಲ್ವಾ? ಬಳಕೆಗಳು ಬೇರೆಬೇರೆ ಜಾತಿಯವು, ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ಎರಡರಲ್ಲೂ ಇರುವ ಸಮಾನ ಅಂಶ ಮನುಷ್ಯರ ಶ್ರಮ ಎಂದು ಮಾರ್ಕ್ಸ್ 1867ರ ‘ಬಂಡವಾಳ’ದ ಮೊದಲ ಅಧ್ಯಾಯದಲ್ಲಿ ವಾದಿಸಿದ. ಹಾಗಂತ ಸುಮ್ನೆ ತಡ ಮಾಡಿ ಮಾಡಿದ ಕುರ್ಚಿಗೆ ಜಾಸ್ತಿ ಮೌಲ್ಯ ಬರುವುದಿಲ್ಲ. ಆ ಕಾಲದ ಸಾಮಾನ್ಯ ಉಪಕರಣ, ಸಾಮಾನ್ಯ ಕೌಶಲದಲ್ಲಿ ಎಷ್ಟು ಹೊತ್ತು ಬೇಕೋ ಅಷ್ಟೇ ಲೆಕ್ಕ. ಇಂಗ್ಲೆಂಡಿಗೆ ಯಂತ್ರಮಗ್ಗ ಬಂದದ್ದನ್ನೇ ಅವನು ಉದಾಹರಣೆ ಕೊಡುತ್ತಾನೆ: ನೂಲನ್ನು ಬಟ್ಟೆ ಮಾಡುವ ಶ್ರಮ ಬಹುಶಃ ಅರ್ಧಕ್ಕೆ ಇಳಿಯಿತು. ಕೈಮಗ್ಗದವನು ಮೊದಲಿನಷ್ಟೇ ಹೊತ್ತು ನೇಯ್ದ, ಆದರೆ ಅವನ ಒಂದು ಗಂಟೆಯ ದುಡಿಮೆಗೆ ಅರ್ಧ ಗಂಟೆಯ ಬೆಲೆಯಷ್ಟೇ ಉಳಿಯಿತು. ಬಟ್ಟೆ ಮೈಮುಚ್ಚುವುದರಲ್ಲಿ ಒಂದೆಳೆಯೂ ಕಮ್ಮಿಯಾಗಿರಲಿಲ್ಲ.

ಇದನ್ನು ಎಲ್ಲರೂ ಒಪ್ಪುವುದಿಲ್ಲ. 1871ರಲ್ಲೇ ಅರ್ಥಶಾಸ್ತ್ರಜ್ಞರಾದ ಜೆವೊನ್ಸ್, ಮೆಂಗರ್ ಇಬ್ಬರೂ ಬೇರೆ ದಾರಿ ಹಿಡಿದರು: ಮೌಲ್ಯ ಹುಟ್ಟುವುದು ಆ ವಸ್ತುವಿನಲ್ಲಿ ನಮಗೆ ಕೊನೆಯದಾಗಿ ಸಿಕ್ಕ ಒಂದು ತುಣುಕಿನ ಉಪಯೋಗದಿಂದ ಎಂದರು. ಇವತ್ತು ಹೆಚ್ಚಿನ ಪಠ್ಯಪುಸ್ತಕಗಳು ಹೇಳುವುದು ಅದನ್ನೇ. ನೀರು ಅಗ್ಗ, ವಜ್ರ ದುಬಾರಿ ಯಾಕೆ ಅನ್ನುವುದಕ್ಕೆ ಅವರ ಉತ್ತರ ಚುರುಕಾಗಿದೆ ಎಂದು ನನಗೂ ಅನ್ನಿಸುತ್ತದೆ. ಮಾರ್ಕ್ಸ್‌ನ ತಲೆಯಲ್ಲಿದ್ದ ಪ್ರಶ್ನೆ ಬೇರೆ: ದುಡಿಮೆಯ ಫಲ ಸರಕಿನ ವೇಷ ಹಾಕುವುದಾದರೂ ಯಾಕೆ?

‘ಸಂಬಂಧವಿಲ್ಲ’ ಅಂದದ್ದು ದೊಡ್ಡ ತಪ್ಪು ಅನ್ನಿಸಿದ್ದು ಶ್ರಮಶಕ್ತಿಯ ವಿಚಾರ ಮತ್ತೆ ಓದಿದಾಗ. ಕೆಲಸಗಾರ ಮಾರುವುದು ದುಡಿಯುವ ಶಕ್ತಿಯನ್ನು. ಅದರ ವಿನಿಮಯ ಮೌಲ್ಯ ಅಂದರೆ ಅವನೂ ಅವನ ಸಂಸಾರವೂ ಬದುಕಲು ಬೇಕಾದ ಸಾಮಾನಿನ ಮೌಲ್ಯ. ಅದರ ಬಳಕೆ ಮೌಲ್ಯ ಅಂದರೆ ದುಡಿಮೆಯೇ. ಒಂದು ದಿನದ ಜೀವನಕ್ಕೆ ಅರ್ಧ ದಿನದ ಶ್ರಮ ಸಾಕು ಅನ್ನಿ, ಆದರೂ ಅವನನ್ನು ಇಡೀ ದಿನ ದುಡಿಸಲು ಅಡ್ಡಿಯಿಲ್ಲ. ಮಾಲೀಕ ಮೋಸ ಮಾಡಿಲ್ಲ, ಶಕ್ತಿಯ ಪೂರ್ತಿ ಬೆಲೆ ಕೊಟ್ಟಿದ್ದಾನೆ. ಮಿಕ್ಕ ಅರ್ಧ ದಿನದ ದುಡಿಮೆ ಮಾತ್ರ ಮಾಲೀಕನ ಜೇಬಿಗೆ. ಲಾಭ ಹುಟ್ಟುವುದು ಈ ಎರಡು ಮೌಲ್ಯಗಳ ನಡುವಿನ ಸಂದಿಯಲ್ಲೇ.

ತಿದ್ದುಪಡಿಯನ್ನು ಈ ಸಂಚಿಕೆಯ ಕೊನೆಯ ಪುಟದಲ್ಲಿ ಹಾಕಿದ್ದೇವೆ.