ಪಿಪಿಟಿ ಬಿಡಿ, ಮೊದಲು ಬಾಟಲಿಯ ಲೇಬಲ್ ಓದಿ

ಒಂಬತ್ತನೇ ತರಗತಿಗೆ ಕಣ ಭೌತಶಾಸ್ತ್ರ ಪರಿಚಯಿಸಲು ಯಾವ ಪಿಪಿಟಿ ಒಳ್ಳೆಯದು, ಮಕ್ಕಳನ್ನು ಜಿನೀವಾ ಹತ್ತಿರದ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ಗೆ ಕರೆದೊಯ್ಯಲು ದಾನಿಗಳು ಸಿಗುತ್ತಾರಾ ಅಂತ ಕೇಳಿದ್ದೀರಿ. ಆ ಪಿಪಿಟಿ ನಾನೂ ಮಾಡಿದ್ದೆ ಮೇಷ್ಟ್ರೇ. ಹದಿನೇಳು ಮೂಲಕಣಗಳ ಬಣ್ಣಬಣ್ಣದ ಕೋಷ್ಟಕ. ಮಕ್ಕಳು ಮಗ್ಗಿ ಥರ ಉರು ಹೊಡೆದರು. ಬಂದದ್ದು ಒಂದೇ ಪ್ರಶ್ನೆ: "ಪರೀಕ್ಷೆಗೆ ಬರುತ್ತಾ ಸಾರ್?"

ಆಮೇಲೆ ಕ್ಲೌಡ್ ಚೇಂಬರ್ ಹಿಡಿದೆ, ಅಂದರೆ ಕಣ ಹೋದ ದಾರಿ ಹನಿಗಳ ಗೆರೆಯಾಗಿ ಕಾಣುವ ಪೆಟ್ಟಿಗೆ. ಹಳೇ ಮೀನಿನ ತೊಟ್ಟಿಯನ್ನು ಬೋರಲು ಹಾಕಿ, ಒಳಗೆ ಮೇಲ್ಗಡೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ ದಪ್ಪ ಬಟ್ಟೆ, ಕೆಳಗೆ ಕಪ್ಪು ತಗಡು, ಅದರಡಿ ಮೈನಸ್ 78 ಡಿಗ್ರಿಯ ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿದ ಕಾರ್ಬನ್ ಡೈಆಕ್ಸೈಡ್. ತಗಡಿನ ಹತ್ತಿರ ಆವಿ ಮೋಡವಾಗಲು ತುದಿಗಾಲಲ್ಲಿ ನಿಂತಿರುತ್ತದೆ. ವಿದ್ಯುದಾವೇಶವಿರುವ ಕಣ ಹಾದುಹೋದರೆ ದಾರಿಯುದ್ದಕ್ಕೂ ಅಯಾನುಗಳು, ಅವುಗಳ ಸುತ್ತ ಹನಿ, ಬಿಳಿ ಗೆರೆ.

ಎಡವಿದ್ದು ಇಲ್ಲಿ. ಬೆಂಗಳೂರಿಂದ ತಂದ ಡ್ರೈ ಐಸ್ ನೋಡನೋಡುತ್ತಲೇ ಕರಗದೆ ನೇರ ಗಾಳಿಯಾಗುತ್ತೆ, ಹಾಗಾಗಿ ಮನೆಯಲ್ಲಿ ಪರೀಕ್ಷಿಸದೆ ನೇರ ಶಾಲೆಗೇ ಒಯ್ದೆ. ಎಚ್‌ಎಂ, ಎಸ್‌ಡಿಎಂಸಿ ಅಧ್ಯಕ್ಷರು, ಬಿಇಒ ಎಲ್ಲರನ್ನೂ ಕರೆದಿದ್ದೆ. ಆಲ್ಕೋಹಾಲ್ ತಂದದ್ದು ಮೆಡಿಕಲ್ ಸ್ಟೋರಿಂದ. ಲೇಬಲ್ ಮೇಲೆ 70% ಅಂತಿತ್ತು. ಎಪ್ಪತ್ತು ಅಂದರೆ ಸ್ಟ್ರಾಂಗ್ ಅಂದುಕೊಂಡೆ! ಕೈಗೆ ಹಚ್ಚಲು ಅದೇ ಸರಿ, ನೀರು ಬೆರೆತಿದ್ದರೇ ಕ್ರಿಮಿ ಚೆನ್ನಾಗಿ ಸಾಯುತ್ತೆ. ಚೇಂಬರಿಗೆ ಆ ಮೂವತ್ತು ಪಾಲು ನೀರೇ ಶನಿ. ಇಪ್ಪತ್ತು ನಿಮಿಷ ಬರೀ ಮಂಜು. ಟಾರ್ಚ್ ಸರಿಯಿಲ್ಲ ಅಂದೆ, ಬಟ್ಟೆ ಸರಿಯಿಲ್ಲ ಅಂದೆ. ಮೂರು ಸಲ ತೊಟ್ಟಿ ಎತ್ತಿ ನೋಡಿದೆ. ಎತ್ತಿದಾಗೆಲ್ಲ ಬಿಸಿಗಾಳಿ ನುಗ್ಗಿ, ತಣ್ಣಗೆ ಕೂತಿದ್ದ ಪದರ ಕದಡಿ, ಮತ್ತೆ ಹತ್ತು ನಿಮಿಷ ಕಾಯೋದು. ಅಂದರೆ ತಪ್ಪು ಬಾಟಲಿಯಲ್ಲಿತ್ತು, ನಾನು ಹುಡುಕಿದ್ದು ಉಳಿದೆಲ್ಲ ಕಡೆ. ಬಿಇಒ ಸಾಹೇಬರು ಟೀ ಮುಗಿಸಿ ಹೊರಟರು. ಮುಂದಿನ ಎರಡು ವರ್ಷ ಎಚ್‌ಎಂ ನನಗೆ ಯಾವ ಪ್ರಯೋಗಕ್ಕೂ ದುಡ್ಡು ಕೊಡಲಿಲ್ಲ.

ನಂತರ ಲ್ಯಾಬ್ ಕೆಮಿಕಲ್ ಅಂಗಡಿಯಿಂದ 99% ತಂದು, ಮನೆಯ ಅಡುಗೆ ಕಟ್ಟೆಯ ಮೇಲೆ ಎರಡು ಡಬ್ಬಿ ಪಕ್ಕಪಕ್ಕ ಇಟ್ಟೆ. ಒಂದರಲ್ಲಿ ಮಂಜು, ಇನ್ನೊಂದರಲ್ಲಿ ಎಳೆ ಎಳೆಯಾಗಿ ಗೆರೆಗಳು. ಗಿಡ್ಡಗೆ ದಪ್ಪಗಿದ್ದರೆ ಆಲ್ಫಾ, ತಿರುಚಿಕೊಂಡು ಹೋದರೆ ಎಲೆಕ್ಟ್ರಾನ್, ಸಪೂರ ನೇರ ಗೆರೆ ಬಹುಮಟ್ಟಿಗೆ ಮ್ಯೂಆನ್, ಅಂದರೆ ಆಕಾಶದಿಂದ ಇಳಿದು ಬರುವ, ಎಲೆಕ್ಟ್ರಾನಿನಂಥದ್ದೇ ಆದರೆ ಭಾರದ ಕಣ. ಅಂಗೈ ಚಾಚಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯೂಆನ್ ಹಾದುಹೋಗುತ್ತೆ ಅಂದಾಗ ನನ್ನ ಹೆಂಡತಿ ಕೈ ಹಿಂದಕ್ಕೆ ಎಳೆದುಕೊಂಡಳು.

ನಮ್ಮದು ಕೋಲಾರ ಜಿಲ್ಲೆ. ಕೊನೆಗೆ ಚೇಂಬರನ್ನು ತರಗತಿಗೆ ಒಯ್ದಾಗ ಗೆರೆ ಎಣಿಸುತ್ತಿದ್ದ ಹುಡುಗಿಯೊಬ್ಬಳ ತಾತ ಕೆಜಿಎಫ್ ಗಣಿಯಲ್ಲಿದ್ದವರು. "ಸಾರ್, ತಾತ ಇಳೀತಿದ್ದ ಜಾಗಕ್ಕೂ ಇದು ಬರುತ್ತಾ?" ಅಂದಳು. ಮುಂಬೈಯ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನ ವಿಜ್ಞಾನಿಗಳು ಅದೇ ಗಣಿಗೆ ಇಳಿದು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆಳಕ್ಕೆ ಇಳಿದಷ್ಟೂ ಮ್ಯೂಆನ್ ಕಡಿಮೆಯಾಗುತ್ತ ಹೋಗಿ, ತೀರಾ ಕೆಳಗೆ ಎರಡು ತಿಂಗಳು ಕಾದರೂ ಒಂದೂ ಸಿಗಲಿಲ್ಲ. ಮೇಲಿಂದ ಏನೂ ಬರದ ಜಾಗದಲ್ಲಿ ಅಡ್ಡಡ್ಡ ಗೆರೆ ಕಂಡರೆ ಅದು ಯಾವುದಕ್ಕೂ ಸುಲಭಕ್ಕೆ ತಾಗದೆ ಭೂಮಿಯನ್ನೇ ತೂರಿಹೋಗುವ ನ್ಯೂಟ್ರಿನೋ ಎಂಬ ಕಣ ಬಂಡೆಯೊಳಗೆ ಅಪರೂಪಕ್ಕೆ ಡಿಕ್ಕಿ ಹೊಡೆದು ಹುಟ್ಟಿಸಿದ್ದೇ ಇರಬೇಕು. 1965ರಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಸಿಕ್ಕಿತು, ನಮ್ಮವರ ವರದಿ ಸ್ವಲ್ಪ ಮೊದಲು. ಎರಡು ತಿಂಗಳು ಏನೂ ಕಾಣದೆ ಕೂತವರ ಕಥೆ ಹೇಳುವಾಗ ನನಗೆ ಬಿಇಒ ನೆನಪಾದರು.

ಹಾಗಾಗಿ ಸರ್ನ್ ಪ್ರವಾಸ, ದಾನಿಗಳು ಅದೆಲ್ಲ ಈಗ ಬೇಡ. ಸರ್ನ್‌ನ ನಿಜವಾದ ದತ್ತಾಂಶ ಕೊಟ್ಟು ಮಕ್ಕಳಿಂದಲೇ ವಿಶ್ಲೇಷಣೆ ಮಾಡಿಸುವ ಮಾಸ್ಟರ್‌ಕ್ಲಾಸ್‌ಗಳಿವೆ, ಪಿಯುಸಿಗೆ ಬಂದ ಮೇಲೆ ನೋಡಿ. ಕೋಷ್ಟಕವನ್ನು ಗೆರೆ ನೋಡಿದ ಮೇಲೆ ತೋರಿಸಿ, ಅದೂ ಯಾರಾದರೂ ಕೇಳಿದರೆ.

ಮತ್ತೆ, ಡ್ರೈ ಐಸನ್ನು ಬರಿಗೈಲಿ ಮುಟ್ಟಬೇಡಿ. ಅದನ್ನಿಟ್ಟ ಡಬ್ಬಿಯ ಮುಚ್ಚಳ ಬಿಗಿದರೆ ಸಿಡಿಯುತ್ತೆ. ಕಿಟಕಿಗಳು ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಟಾರ್ಚ್ ಪಕ್ಕದಿಂದ, ತಗಡಿಗೆ ತಾಗಿದಂತೆ ಹಿಡಿಯಿರಿ. ತೊಟ್ಟಿ ಮಾತ್ರ ಎತ್ತಬೇಡಿ.