ಸ್ಟ್ರೋಕ್ ಆದವರು ಮತ್ತೆ ನಡೆಯುತ್ತಾರಾ ಅಂತ ಮೊದಲೇ ಹೇಳೋಕಾಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು ಅಂದುಕೊಂಡಿದ್ದೇನೆ: ಅಮ್ಮನಿಗೆ 66 ವರ್ಷ, ಸ್ಟ್ರೋಕ್ ಆಗಿ ಒಂಬತ್ತು ದಿನ. ಎಡಗೈ, ಎಡಗಾಲು ಎರಡೂ ಬಿದ್ದುಹೋಗಿವೆ. ಪಾದವಂತೂ ಒಂಚೂರೂ ಅಲ್ಲಾಡುತ್ತಿಲ್ಲ. ಸ್ಕ್ಯಾನ್ ಆಗಿದೆ, ಆದರೂ ಡಾಕ್ಟರ್ "ಕಾದು ನೋಡೋಣ" ಅಂತಷ್ಟೇ ಹೇಳುತ್ತಿದ್ದಾರೆ. ಅವರು ನಡೆಯುತ್ತಾರಾ ಇಲ್ವಾ, ನಡೆದರೆ ಯಾವಾಗ ಅಂತ ಈಗಲೇ ಗೊತ್ತಾಗಲ್ವಾ?

ನಾನು ಫಿಸಿಯೋಥೆರಪಿಸ್ಟ್, ಸ್ಟ್ರೋಕ್ ಆದವರ ಜೊತೆಗೇ ಕೆಲಸ. ಸಾಕಷ್ಟು ಮಟ್ಟಿಗೆ ಗೊತ್ತಾಗುತ್ತೆ. ಆದರೆ ಪಾದದ ಬೆರಳು ಯಾವಾಗ ಅಲ್ಲಾಡುತ್ತೋ ಅಂತ ನೋಡುತ್ತಾ ಕೂರಬೇಡಿ. ಮಂಚದ ಅಂಚಿನಲ್ಲಿ ಅಮ್ಮ ಯಾರ ಆಸರೆಯೂ ಇಲ್ಲದೆ ಕೂರುತ್ತಾರಾ, ಅದನ್ನು ನೋಡಿ.

ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಕಾಲು ಇಡೀ ಮೈಯ ಭಾರ ಹೊರಬೇಕು. ಆ ಹೊತ್ತಿನಲ್ಲಿ ಬೆನ್ನು, ಹೊಟ್ಟೆ, ಸೊಂಟ ಸೇರಿ ಮೈಯನ್ನು ನೆಟ್ಟಗೆ ಹಿಡಿದಿರಬೇಕು. ಅದು ಆಗದಿದ್ದರೆ ಕಾಲಿಗೆ ಬಲ ಬಂದರೂ ಪ್ರಯೋಜನ ಕಮ್ಮಿ. ಪಾದದ ಕಥೆ ಬೇರೆ. ಜೋತುಬಿದ್ದ ಪಾದವನ್ನು ಸ್ಪ್ಲಿಂಟ್ ಅನ್ನುವ ಗಟ್ಟಿ ಪಟ್ಟಿ ಹಾಕಿ ಎತ್ತಿ ಹಿಡಿಯಬಹುದು. ಮಂಡಿ ಸರಿಯಾಗಿ ಮಡಚದಿದ್ದರೆ ಸೊಂಟವನ್ನು ಎತ್ತಿ, ಕಾಲನ್ನು ಹೊರಗಿನಿಂದ ಸುತ್ತಿಸಿ ಮುಂದಿಡುತ್ತಾರೆ. ನೋಡೋಕೆ ಚೆಂದ ಇರಲ್ಲ, ಆದರೆ ನಡಿಗೆ ನಡಿಗೆಯೇ. ಬಿದ್ದ ಸೊಂಟ, ಬೆನ್ನಿಗೆ ಹಾಗೆ ಸ್ಪ್ಲಿಂಟ್ ಹಾಕಿ ನಡೆಸೋಕೆ ಆಗಲ್ಲ. ಇನ್ನೊಂದು ಸಮಾಧಾನದ ವಿಷಯ, ಬೆನ್ನು ಹೊಟ್ಟೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಯಿಂದ ಸಂದೇಶ ಬರುತ್ತದೆ. ಒಂದು ಬದಿ ಪೆಟ್ಟು ತಿಂದರೂ ಇನ್ನೊಂದು ಬದಿಯಿಂದ ಸ್ವಲ್ಪ ಸಹಾಯ ಸಿಗುತ್ತದೆ. ಬೆರಳುಗಳಿಗೆ ಆ ಅನುಕೂಲ ತೀರಾ ಕಮ್ಮಿ. ಕೈ ಏನೂ ಆಡದವರೂ ನಡೆದುಕೊಂಡು ಓಡಾಡುವುದನ್ನು ನೀವು ನೋಡಿರಬಹುದು. ಅದಕ್ಕೆ ಇದೂ ಒಂದು ಕಾರಣ.

ಇದು ಬರೀ ನನ್ನ ಅಂದಾಜಲ್ಲ. ನೆದರ್ಲೆಂಡ್ಸ್‌ನಲ್ಲಿ ಮೊದಲ ಸಲ ಸ್ಟ್ರೋಕ್ ಆಗಿ, ಸ್ವಂತವಾಗಿ ನಡೆಯಲಾಗದ 154 ಜನರನ್ನು ಆರು ತಿಂಗಳವರೆಗೆ ಗಮನಿಸಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ 72 ಗಂಟೆಯೊಳಗೆ ಎರಡೇ ಎರಡು ಪರೀಕ್ಷೆ. ಕೈ ಊರದೆ 30 ಸೆಕೆಂಡ್ ಕೂರುತ್ತಾರಾ? ಬಿದ್ದ ಕಾಲಿನಲ್ಲಿ ಸ್ವಲ್ಪವಾದರೂ ಚಲನೆ ಇದೆಯಾ? ಎರಡೂ ಇದ್ದವರು ಆರು ತಿಂಗಳಿಗೆ ಯಾರ ಆಸರೆಯೂ ಇಲ್ಲದೆ ನಡೆಯುವ ಸಾಧ್ಯತೆ ಶೇ. 98. ಎರಡೂ ಇಲ್ಲದವರಿಗೆ ಸುಮಾರು ಶೇ. 27. ಒಂಬತ್ತನೇ ದಿನಕ್ಕೂ ಎರಡೂ ಬರದಿದ್ದರೆ ಅದು ಸುಮಾರು ಶೇ. 10ಕ್ಕೆ ಇಳಿಯುತ್ತದೆ.

ಇಲ್ಲಿ "ಸ್ವಲ್ಪ ಚಲನೆ" ಅಂದರೆ ನಿಜವಾಗಿಯೂ ಸ್ವಲ್ಪ. ಸೊಂಟದ ಕೀಲು, ಮಂಡಿ, ಪಾದದ ಕೀಲು, ಈ ಮೂರಕ್ಕೂ ಅಂಕ ಕೊಡುತ್ತಾರೆ. ಸ್ನಾಯು ಬಿಗಿಯಾಗುವುದು ಮುಟ್ಟಿದಾಗ ಗೊತ್ತಾದರೆ 9, ಕಣ್ಣಿಗೆ ಕಾಣುವಷ್ಟು ಅಲ್ಲಾಡಿದರೆ 14. ಪಾಸಾಗಲು 25 ಸಾಕು. ಲೆಕ್ಕ ಹಾಕಿ ನೋಡಿ: ತೊಡೆ ಒಂಚೂರು ಮೇಲೆ ಬಂದು, ಮಂಡಿ ಒಂಚೂರು ಚಾಚಿದರೆ 28 ಆಯಿತು. ಪಾದಕ್ಕೆ ಸೊನ್ನೆ ಬಂದರೂ ಪರವಾಗಿಲ್ಲ! ಪಾದ ಅಲ್ಲಾಡುತ್ತಿಲ್ಲ ಅಂತ ನೀವು ಬರೆದಿದ್ದೀರಿ, ಆದರೆ ತೊಡೆ ಮತ್ತು ಮಂಡಿಯ ಬಗ್ಗೆ ಏನೂ ಹೇಳಿಲ್ಲ. ನನಗೆ ಬೇಕಾಗಿದ್ದು ಅದೇ.

"ಯಾವಾಗ" ಅನ್ನುವುದಕ್ಕೆ ನ್ಯೂಜಿಲೆಂಡಿನವರು ಒಂದು ಲೆಕ್ಕಾಚಾರ ಮಾಡಿದ್ದಾರೆ. ಹೆಸರು ಟ್ವಿಸ್ಟ್. 2017ರಲ್ಲಿ ಬಂದ ಮೊದಲ ರೂಪದಲ್ಲಿ, ಸ್ಟ್ರೋಕ್ ಆಗಿ ಒಂದು ವಾರಕ್ಕೆ ನಾಲ್ಕು ಕೆಲಸ ಮಾಡಿಸಿ 100ಕ್ಕೆ ಅಂಕ ಕೊಡುತ್ತಿದ್ದರು: ಬಿದ್ದ ಬದಿಗೆ ಹೊರಳುವುದು, ಒಳ್ಳೆ ಬದಿಗೆ ಹೊರಳುವುದು, ಮಲಗಿದಲ್ಲಿಂದ ಎದ್ದು ಕೂರುವುದು, ಅಂಚಿನಲ್ಲಿ 30 ಸೆಕೆಂಡ್ ಕೂತಿರುವುದು. 40ಕ್ಕಿಂತ ಜಾಸ್ತಿ ಬಂದವರು ಹೆಚ್ಚಾಗಿ ಆರು ವಾರದೊಳಗೆ ನಡೆದರು. ಅಷ್ಟು ಬರದಿದ್ದರೂ ಕಾಲನ್ನು ಸೊಂಟದಿಂದ ಹಿಂದಕ್ಕೆ ಒತ್ತುವ ಬಲ ಚೆನ್ನಾಗಿದ್ದವರು 12 ವಾರದೊಳಗೆ. ಎರಡೂ ಇಲ್ಲದವರಿಗೆ 12 ವಾರ ಕಳೆದರೂ ಆಸರೆ ಬೇಕಾಯಿತು. ಆ ಅಧ್ಯಯನದಲ್ಲಿ ಇದ್ದವರು ಬರೀ 41 ಜನ. ಹಾಗಾಗಿ ಅದೇ ತಂಡ 93 ಜನರ ಮೇಲೆ ಮತ್ತೆ ನೋಡಿ 2022ರಲ್ಲಿ ಲೆಕ್ಕ ಬದಲಿಸಿತು. ಈಗ ಮೂರು ವಿಷಯ ನೋಡುತ್ತಾರೆ: ವಯಸ್ಸು 80ಕ್ಕಿಂತ ಕಮ್ಮಿಯಾ, ಮಂಡಿ ಚಾಚುವ ಬಲ ಎಷ್ಟಿದೆ, ಬರ್ಗ್ ಅನ್ನುವ ಸಮತೋಲನ ಪರೀಕ್ಷೆಯಲ್ಲಿ ಎಷ್ಟು ಅಂಕ. ಮೊದಲನೆಯ ಲೆಕ್ಕವನ್ನೇ ಹಿಡಿದುಕೊಂಡು ಕೂರದೆ ತಾವೇ ತಿದ್ದಿಕೊಂಡರಲ್ಲ, ಅದು ನನಗೆ ಇಷ್ಟವಾಯಿತು. ಎರಡಕ್ಕೂ ಬೇಕಾಗಿರುವುದು ಮಂಚ, ಕುರ್ಚಿ, ಗಡಿಯಾರದಂಥ ಮಾಮೂಲಿ ಸಾಮಾನು, ಪರೀಕ್ಷೆ ಮಾಡುವವರ ಕೈ, ಅಷ್ಟೇ.

ಸ್ಕ್ಯಾನ್ ಬಗ್ಗೆ ಕೇಳಿದಿರಿ. ಪೆಟ್ಟು ಎಲ್ಲಿ ಬಿದ್ದಿದೆ, ರಕ್ತಸ್ರಾವವಾ ಅಥವಾ ರಕ್ತ ಹೆಪ್ಪುಗಟ್ಟಿದ್ದಾ, ಈಗ ಯಾವ ಚಿಕಿತ್ಸೆ ಕೊಡಬೇಕು ಅನ್ನುವುದಕ್ಕೆ ಸ್ಕ್ಯಾನ್ ಬೇಕೇ ಬೇಕು. ಆದರೆ ನಡಿಗೆಯ ಮಟ್ಟಿಗೆ, ಕೂರಿಸಿ ನೋಡಿದಾಗ ಸಿಗುವ ಉತ್ತರದ ಮೇಲೆ ಅದು ದೊಡ್ಡದಾಗಿ ಏನನ್ನೂ ಸೇರಿಸುವುದಿಲ್ಲ. ಸ್ಕ್ಯಾನಿನಲ್ಲಿ ಪೆಟ್ಟಿನ ದೊಡ್ಡ ಕಲೆ ಇದ್ದೂ ನಡೆದವರಿದ್ದಾರೆ, ಚಿಕ್ಕ ಕಲೆ ಇದ್ದೂ ಒದ್ದಾಡಿದವರಿದ್ದಾರೆ.

ಈಗ ನಿಮ್ಮ ಅಮ್ಮನ ವಿಷಯದಲ್ಲಿ ಗಮನಿಸಬೇಕಾದ್ದು. ಎಡಭಾಗ ಬಿದ್ದಿದೆ ಅಂದರೆ ಸಾಮಾನ್ಯವಾಗಿ ಪೆಟ್ಟು ಮಿದುಳಿನ ಬಲಬದಿಗೆ. ಅಂಥವರಲ್ಲಿ ಕೆಲವರಿಗೆ ಎಡಗಡೆ ಅನ್ನುವುದೊಂದು ಇದೆ ಅನ್ನುವುದೇ ಮರೆತುಹೋಗುತ್ತದೆ. ಎಡಕ್ಕೆ ನಿಂತು ಮಾತಾಡಿಸಿದರೆ ತಿರುಗುವುದಿಲ್ಲ, ತಟ್ಟೆಯ ಎಡಭಾಗದ ಊಟ ಹಾಗೇ ಉಳಿಯುತ್ತದೆ. ಇನ್ನು ಕೆಲವರು ಕೂರಿಸಿದರೆ ಒಳ್ಳೆ ಕೈಯಿಂದಲೇ ತಮ್ಮನ್ನು ಬಿದ್ದ ಬದಿಗೆ ತಳ್ಳಿಕೊಳ್ಳುತ್ತಾರೆ. ನೇರ ಮಾಡಲು ಹೋದರೆ ಇನ್ನೂ ಜೋರಾಗಿ ತಳ್ಳುತ್ತಾರೆ. ಅದು ಹಟ ಅಲ್ಲ, ಅವರಿಗೆ ನೇರ ಯಾವುದು ಅನ್ನುವುದೇ ಓರೆಯಾಗಿ ತೋರುತ್ತಿರುತ್ತದೆ. ಬೈಯಬೇಡಿ. ಹೀಗೆ ತಳ್ಳುವವರಿಗೆ ನಡಿಗೆ ಕೆಲವು ವಾರ ತಡವಾಗುತ್ತದೆ, ಆದರೆ ಬಹಳ ಜನರಲ್ಲಿ ಆ ತೊಂದರೆ ತಾನಾಗಿ ಕಮ್ಮಿಯಾಗುತ್ತದೆ. ಅಮ್ಮನಿಗೆ ಇದಿದ್ದರೆ, ಈಗ ಕೂರಲಾಗುತ್ತಿಲ್ಲ ಅನ್ನುವುದನ್ನೇ ಕೊನೆಯ ಮಾತು ಅಂತ ತಗೋಬೇಡಿ. ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ.

ಹಾಗೆ ನೋಡಿದರೆ "ನಡೆಯುತ್ತಾರೆ" ಅನ್ನುವ ಭವಿಷ್ಯವನ್ನು ನಾನು ಬೇಗ ನಂಬುತ್ತೇನೆ, "ನಡೆಯಲ್ಲ" ಅನ್ನುವುದನ್ನು ನಿಧಾನವಾಗಿ. ಮೂರನೇ ದಿನ ಎರಡೂ ಪರೀಕ್ಷೆಯಲ್ಲಿ ಸೋತವರಲ್ಲೂ ನಾಲ್ವರಲ್ಲಿ ಒಬ್ಬರು ನಡೆದಿದ್ದಾರೆ ಅಲ್ವಾ? ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸುಮಾರು 800 ರೋಗಿಗಳನ್ನು ಗಮನಿಸಿದ ಹಳೆಯ ಅಧ್ಯಯನವೊಂದು 1995ರಲ್ಲಿ ಬಂದಿತ್ತು. ಅದರಲ್ಲಿ ಶೇ. 95 ಜನರ ನಡಿಗೆ ಮೊದಲ 11 ವಾರದಲ್ಲೇ ತನ್ನ ಉತ್ತಮ ಮಟ್ಟ ಮುಟ್ಟಿತ್ತು. ಅಂದರೆ ದೊಡ್ಡ ಬದಲಾವಣೆ ಬರುವ ಕಾಲ ಇದೇ. ಆಮೇಲೆ ವೇಗ, ದೂರ, ಧೈರ್ಯ ಹೆಚ್ಚುತ್ತಾ ಹೋಗಬಹುದು.

ವೇಗದ ಮಾತು ಬಂತು. ಈ ಅಧ್ಯಯನಗಳಲ್ಲಿ ನಡೆಯುವುದು ಅಂದರೆ ಸಮತಟ್ಟಾದ ನೆಲದ ಮೇಲೆ, ಇನ್ನೊಬ್ಬರು ಹಿಡಿಯದೆ ಹೋಗುವುದು. ಕೋಲು, ಸ್ಪ್ಲಿಂಟ್ ಇರಬಹುದು. ರಸ್ತೆ ದಾಟುವುದು, ಮೆಟ್ಟಿಲು ಹತ್ತುವುದು ಬೇರೆಯೇ ಲೆಕ್ಕ. ಸೆಕೆಂಡಿಗೆ 0.4 ಮೀಟರಿಗಿಂತ ನಿಧಾನ ಇದ್ದರೆ ಓಡಾಟ ಹೆಚ್ಚಾಗಿ ಮನೆಯೊಳಗೆ ಮಾತ್ರ, 0.8 ದಾಟಿದರೆ ಹೊರಗೆ ಆರಾಮಾಗಿ ತಿರುಗಬಹುದು ಅನ್ನುವುದು ನಾವು ಬಳಸುವ ಅಳತೆ. ಯಾರಾದರೂ "ನಡೀತಾರೆ ಬಿಡಿ" ಅಂದರೆ, ಎಲ್ಲಿಯವರೆಗೆ ಅಂತ ಕೇಳಿ.

ಇಷ್ಟೆಲ್ಲ ಓದಿ ಇವತ್ತೇ ಅಮ್ಮನನ್ನು ಎಬ್ಬಿಸಿ ನಿಲ್ಲಿಸೋಕೆ ಹೋಗಬೇಡಿ. ಜಾಸ್ತಿ ಬೇಗ, ಜಾಸ್ತಿ ಹೊತ್ತು ಅಂದರೆ ಜಾಸ್ತಿ ಒಳ್ಳೆಯದು ಅಂತೇನಿಲ್ಲ. 2015ರಲ್ಲಿ ಪ್ರಕಟವಾದ ಅವರ್ಟ್ ಅನ್ನುವ ದೊಡ್ಡ ಪ್ರಯೋಗದಲ್ಲಿ, ಮೊದಲ 24 ಗಂಟೆಯೊಳಗೇ ಎಬ್ಬಿಸಿ ಪದೇಪದೇ ಓಡಾಡಿಸಿದವರು ಮೂರು ತಿಂಗಳಿಗೆ ಉಳಿದವರಿಗಿಂತ ಸ್ವಲ್ಪ ಹಿಂದೆಯೇ ಉಳಿದರು. ನಿಮ್ಮ ಅಮ್ಮ ಆ ಮೊದಲ ದಿನ ದಾಟಿದ್ದಾರೆ, ಈಗ ಅಭ್ಯಾಸ ಬೇಕು. ಆದರೆ ಅದು ಫಿಸಿಯೋ ಎದುರಿಗೇ ಶುರುವಾಗಲಿ. ಎಬ್ಬಿಸುವಾಗ ಎಡಗೈ ಹಿಡಿದು ಎಳೆಯಲೇಬೇಡಿ. ಭುಜದ ಕೀಲು ಸಡಿಲವಾಗಿರುತ್ತದೆ, ಆ ನೋವು ಶುರುವಾದರೆ ಅಭ್ಯಾಸವೇ ನಿಂತುಹೋಗುತ್ತದೆ. ದುಬಾರಿ ಯಂತ್ರದಲ್ಲಿ ತೂಗುಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸಿದರೆ ಬೇಗ ವಾಸಿ ಅಂತ ಯಾರಾದರೂ ಹೇಳಬಹುದು. 2011ರಲ್ಲಿ 408 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಒಂದು ವರ್ಷದ ಕೊನೆಗೆ, ಅದಕ್ಕಿಂತ ಮನೆಯಲ್ಲಿ ಫಿಸಿಯೋ ಮಾಡಿಸಿದ ವ್ಯಾಯಾಮ ಯಾವ ರೀತಿಯಲ್ಲೂ ಕಮ್ಮಿ ಬೀಳಲಿಲ್ಲ.

ನಾಳೆ ಫಿಸಿಯೋ ಬಂದಾಗ ಇಷ್ಟು ಕೇಳಿ: ಕೈ ಊರದೆ ಎಷ್ಟು ಸೆಕೆಂಡ್ ಕೂರುತ್ತಾರೆ, ಮಂಡಿ ಚಾಚುವ ಬಲ ಐದಕ್ಕೆ ಎಷ್ಟು, ಬರ್ಗ್ ಅಂಕ ಎಷ್ಟು, ಒಂದು ಬದಿಗೆ ತಳ್ಳಿಕೊಳ್ಳುತ್ತಾರಾ. ದಿನಾಂಕದ ಜೊತೆ ಬರೆದಿಟ್ಟುಕೊಳ್ಳಿ. ವಾರಕ್ಕೊಮ್ಮೆ ಮತ್ತೆ ಕೇಳಿ. ಉತ್ತರಗಳನ್ನು ಇಲ್ಲೇ ಕೆಳಗೆ ಬರೆದರೆ, ಆರು ವಾರದ ಲೆಕ್ಕದಲ್ಲಿ ಮನೆ ಸಿದ್ಧ ಮಾಡಬೇಕಾ ಅಥವಾ ಗಾಲಿಕುರ್ಚಿಗೆ ಬಾಗಿಲ ಅಗಲ ಅಳೆಯಬೇಕಾ ಅಂತ ನಾನೂ ಅಂದಾಜು ಹೇಳಬಲ್ಲೆ.